ವಂಶವಾಹಿಯ ದೋಷವೂ ಗೃಹಸ್ಥಧರ್ಮವೂ

ಮನೆಯೊಂದರಲ್ಲಿ ಗುಣವಾಗದ ರೋಗವುಳ್ಳ ಶಿಶು ಜನಿಸಿದಾಗ ಬಂಧುಬಳಗದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದು ಯಾರು ಮಾಡಿದ ಕರ್ಮ ಎಂಬುದು ಮೊದಲನೆಯದು. ಇದು ಯಾರ ಕಡೆಯಿಂದ ಬಂದ ದೋಷ ಎಂಬುದು ಎರಡನೆಯದು. ಕೇಳುವವರು ಯಾರೇ ಆಗಿರಲಿ, ಎರಡೂ ಪ್ರಶ್ನೆಗಳು ಕಡೆಗೆ ಆ ಶಿಶುವಿನ ತಾಯಿಯ ಮುಂದೆಯೇ ಬಂದು ನಿಲ್ಲುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಾಗಲಿ, ದಂಡಿನಶಿವರದಂತಹ ಹೋಬಳಿಯ ಊರಿನಲ್ಲಾಗಲಿ, ಬೆಂಗಳೂರಿನ ಬಡಾವಣೆಯಲ್ಲಾಗಲಿ ಈ ವಿಷಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಪ್ರಶ್ನೆಗಳನ್ನು ಕೇಳುವುದು ಧರ್ಮವೇ, ಕೇಳಬೇಕಾದ ಪ್ರಶ್ನೆ ಬೇರೆ ಇದೆಯೇ ಎಂಬುದನ್ನು ಒಂದೇ ಒಂದು ವಂಶವಾಹಿಯ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಶರೀರದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಲೈಸೊಸೋಮ್ ಎಂಬ ಸೂಕ್ಷ್ಮ ಚೀಲಗಳಿವೆ. 1955ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿ ಕ್ರಿಶ್ಚಿಯನ್ ಡಿ ಡೂವ್ ಅವರು ಇವುಗಳನ್ನು ಗುರುತಿಸಿ ಹೆಸರಿಟ್ಟರು; 1974ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಕೋಶವು ಬಳಸಿ ಬಿಟ್ಟ, ಹಳತಾದ, ಕೆಟ್ಟ ಪದಾರ್ಥಗಳು ಈ ಚೀಲಗಳಿಗೆ ಬಂದು ಬೀಳುತ್ತವೆ. ಅಲ್ಲಿರುವ ಸುಮಾರು ಅರುವತ್ತು ಬಗೆಯ ಕಿಣ್ವಗಳು ಅವುಗಳನ್ನು ಒಡೆದು, ಮತ್ತೆ ಉಪಯೋಗಕ್ಕೆ ಬರುವಂತಹ ಸಣ್ಣ ಅಂಶಗಳನ್ನಾಗಿ ಮಾಡುತ್ತವೆ. ಈ ಕೆಲಸ ನಿಂತರೆ ಕೋಶದಲ್ಲಿ ತ್ಯಾಜ್ಯವು ತುಂಬುತ್ತ ಹೋಗುತ್ತದೆ. ಎಲುಬು, ಕೀಲು, ಹೃದಯದ ಕವಾಟ, ಮಿದುಳು ಇವೆಲ್ಲವೂ ಕ್ರಮೇಣ ಹದಗೆಡುತ್ತವೆ.

ಆದರೆ ಈ ಕಿಣ್ವಗಳು ಲೈಸೊಸೋಮಿನಲ್ಲಿಯೇ ಹುಟ್ಟುವುದಿಲ್ಲ. ಅವು ಕೋಶದ ಬೇರೊಂದು ಭಾಗದಲ್ಲಿ ತಯಾರಾಗಿ, ಗಾಲ್ಗಿ ಎಂಬ ಸಂಕೀರ್ಣದ ಮೂಲಕ ಹಾದು, ಅಲ್ಲಿಂದ ಲೈಸೊಸೋಮಿಗೆ ಸಾಗಬೇಕು. ಅದೇ ದಾರಿಯಲ್ಲಿ ಕೋಶದ ಹೊರಕ್ಕೆ ಹೋಗಬೇಕಾದ ಬೇರೆ ಪ್ರೋಟೀನುಗಳೂ ಬರುತ್ತಿರುತ್ತವೆ. ಯಾವುದು ಒಳಗೆ ಉಳಿಯಬೇಕು, ಯಾವುದು ಹೊರಗೆ ಹೋಗಬೇಕು ಎಂಬುದನ್ನು ಕೋಶವು ಹೇಗೆ ತಿಳಿಯುತ್ತದೆ? ನಮ್ಮ ಸೀಮೆಯ ರೈತನು ವರ್ಷದ ಮೇಲೆ ಅಟ್ಟದಲ್ಲಿಟ್ಟು ಒಣಗಿಸಿದ ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಕಳುಹಿಸುವಾಗ ಚೀಲದ ಮೇಲೆ ಗುರುತು ಹಾಕುತ್ತಾನೆ. ಮಾಲು ಎಷ್ಟು ಒಳ್ಳೆಯದಾದರೂ ಗುರುತಿಲ್ಲದ ಚೀಲ ಸೇರಬೇಕಾದ ಅಂಗಡಿಯನ್ನು ಸೇರದು. ಕೋಶದಲ್ಲಿಯೂ ಇಂತಹುದೇ ವ್ಯವಸ್ಥೆಯುಂಟು. ಲೈಸೊಸೋಮಿಗೆ ಹೋಗಬೇಕಾದ ಕಿಣ್ವಕ್ಕೆ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತನ್ನು ಹಚ್ಚಲಾಗುತ್ತದೆ. ಆ ಗುರುತನ್ನು ಗ್ರಹಿಸುವ ಪ್ರೋಟೀನುಗಳು ಕಿಣ್ವವನ್ನು ಹಿಡಿದು ಲೈಸೊಸೋಮಿನತ್ತ ಕೊಂಡೊಯ್ಯುತ್ತವೆ. ಗುರುತು ಹಚ್ಚುವ ಕಾರ್ಯದ ಮೊದಲ ಹೆಜ್ಜೆಯನ್ನಿಡುವ ಕಿಣ್ವದ ಮುಖ್ಯ ಭಾಗಗಳನ್ನು ರೂಪಿಸುವ ಆದೇಶವು ನಮ್ಮ ಹನ್ನೆರಡನೆಯ ವರ್ಣತಂತುವಿನಲ್ಲಿರುವ ಜಿಎನ್‌ಪಿಟಿಎಬಿ ಎಂಬ ವಂಶವಾಹಿಯಲ್ಲಿದೆ.

ಇದು ತಿಳಿದು ಬಂದ ಬಗೆ ಮನನೀಯವಾಗಿದೆ. 1967ರಲ್ಲಿ ಲೆರಾಯ್ ಮತ್ತು ಡಿಮಾರ್ಸ್ ಎಂಬ ವಿಜ್ಞಾನಿಗಳು ಅಪರೂಪದ ರೋಗವೊಂದರಿಂದ ಬಳಲುತ್ತಿದ್ದ ಮಕ್ಕಳ ಚರ್ಮದ ಕೋಶಗಳನ್ನು ಬೆಳೆಸಿ ನೋಡಿದಾಗ, ಅವುಗಳಲ್ಲಿ ಕಪ್ಪು ಕಣಗಳು ಕಿಕ್ಕಿರಿದಿದ್ದವು. ಅದರಿಂದಾಗಿ ರೋಗಕ್ಕೆ 'ಐ-ಸೆಲ್' ಎಂಬ ಹೆಸರು ಬಂದಿತು. ಆ ಕೋಶಗಳಲ್ಲಿ ಒಂದಲ್ಲ, ಅನೇಕ ಕಿಣ್ವಗಳು ಇರಲಿಲ್ಲ. ಆದರೆ ಕೋಶದ ಹೊರಗಿನ ದ್ರವದಲ್ಲಿ ಅವೇ ಕಿಣ್ವಗಳು ವಿಪುಲವಾಗಿದ್ದವು. 1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಅವರು ಒಂದು ಪ್ರಯೋಗದಿಂದ ಇದರ ಒಗಟನ್ನು ಬಿಡಿಸಿದರು. ಆರೋಗ್ಯವಂತರ ಕೋಶಗಳು ಹೊರಬಿಟ್ಟ ಕಿಣ್ವವನ್ನು ರೋಗಿಯ ಕೋಶಗಳು ಸರಾಗವಾಗಿ ಒಳಗೆ ತೆಗೆದುಕೊಂಡವು. ರೋಗಿಯ ಕೋಶಗಳು ಹೊರಬಿಟ್ಟ ಕಿಣ್ವವನ್ನು ಮಾತ್ರ ಬೇರೆ ಕೋಶಗಳು ತೆಗೆದುಕೊಳ್ಳಲಿಲ್ಲ. ಕಿಣ್ವ ತಯಾರಾಗಿತ್ತು, ಕೊರತೆಯಿದ್ದುದು ಗುರುತಿನದು. 1977ರಲ್ಲಿ ಆ ಗುರುತು ಯಾವುದೆಂಬುದು ತಿಳಿಯಿತು. 1981ರಲ್ಲಿ ಗುರುತು ಹಚ್ಚುವ ಕಿಣ್ವವೇ ಈ ರೋಗಿಗಳಲ್ಲಿ ಇಲ್ಲವೆಂದು ತೋರಿಸಿದವರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅಜಿತ್ ವರ್ಕಿ ಅವರೂ ಒಬ್ಬರು. 2005ರಲ್ಲಿ ವಂಶವಾಹಿಯು ಪತ್ತೆಯಾಯಿತು.

ಈ ವಂಶವಾಹಿಯ ಎರಡೂ ಪ್ರತಿಗಳು ಪೂರ್ಣವಾಗಿ ಕೆಟ್ಟಾಗ ಬರುವ ರೋಗ ಕಠೋರವಾದುದು. ಶಿಶುವಿನ ಬೆಳವಣಿಗೆ ಮೊದಲ ವರ್ಷದಲ್ಲಿಯೇ ಕುಂಠಿತವಾಗುತ್ತದೆ. ಮುಖದ ಲಕ್ಷಣಗಳು ದಪ್ಪವಾಗುತ್ತವೆ, ವಸಡು ಉಬ್ಬುತ್ತದೆ, ಕೀಲುಗಳು ಬಿಗಿಯುತ್ತವೆ, ಉಸಿರಾಟ ಮತ್ತು ಹೃದಯ ದುರ್ಬಲವಾಗುತ್ತವೆ. ಬಹುಪಾಲು ಮಕ್ಕಳು ಬಾಲ್ಯವನ್ನು ದಾಟುವುದಿಲ್ಲ. ವಂಶವಾಹಿ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತಿದ್ದರೆ ರೋಗವು ಸೌಮ್ಯವಾಗಿರುತ್ತದೆ: ಬೆರಳುಗಳು ಬಾಗಿ ಬಿಗಿಯಾಗುತ್ತವೆ, ಸೊಂಟದ ಕೀಲು ಸವೆಯುತ್ತದೆ, ಆದರೆ ರೋಗಿಯು ಪ್ರೌಢ ವಯಸ್ಸಿನವರೆಗೂ ಬಾಳಬಲ್ಲನು. ಲೈಸೊಸೋಮಿನ ಒಂದೇ ಕಿಣ್ವ ಕಡಿಮೆಯಾಗುವ ಗೋಶೆ ಮುಂತಾದ ಕೆಲವು ರೋಗಗಳಲ್ಲಿ ಆ ಕಿಣ್ವವನ್ನು ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆಯುಂಟು. ಇಲ್ಲಿ ಹತ್ತಾರು ಕಿಣ್ವಗಳು ಏಕಕಾಲಕ್ಕೆ ದಾರಿತಪ್ಪುವುದರಿಂದ ಅಂತಹ ಔಷಧವಿಲ್ಲ. ಇನ್ನೊಂದು ಸಂಗತಿಯೂ ಗಮನಾರ್ಹ. 2010ರಲ್ಲಿ ಅಮೆರಿಕದ ಸಂಶೋಧಕರು ತೊದಲು ಮಾತಿನ ಕೆಲವು ಕುಟುಂಬಗಳಲ್ಲಿ ಇದೇ ವಂಶವಾಹಿಯ ಸಣ್ಣ ವ್ಯತ್ಯಾಸಗಳನ್ನು ಕಂಡರು. ಎಲ್ಲ ತೊದಲಿಗೂ ಇದು ಕಾರಣವಲ್ಲ. ಆದರೂ ತೊದಲುವ ಬಾಲಕನನ್ನು ಆಡಿಕೊಂಡು ನಗುವವರು, ಅವನ ನಾಲಿಗೆ ತಡವರಿಸುವುದಕ್ಕೆ ಅಂಜುಬುರುಕುತನವೇ ಕಾರಣವೆಂದು ಗದರಿಸುವವರು ಒಂದು ಕ್ಷಣ ಯೋಚಿಸಬೇಕು. ಅಂತಹ ಬಾಲಕನಿಗೆ ನೆರವಾಗಲು ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಈಗ 'ಯಾರ ಕಡೆಯಿಂದ' ಎಂಬ ಪ್ರಶ್ನೆಗೆ ಬರೋಣ. ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ; ಒಂದು ತಂದೆಯದು, ಮತ್ತೊಂದು ತಾಯಿಯದು. ಒಂದು ಕೆಟ್ಟಿದ್ದು ಇನ್ನೊಂದು ಸರಿಯಿದ್ದರೆ ಈ ರೋಗ ಬರುವುದಿಲ್ಲ. ಅಂತಹವರನ್ನು ವಾಹಕರೆನ್ನುತ್ತಾರೆ. ಅವರು ಆರೋಗ್ಯವಂತರಾಗಿ ಬಾಳುತ್ತಾರೆ. ತಾವು ವಾಹಕರೆಂಬುದು ಅವರಿಗೆ ತಿಳಿದಿರುವುದೂ ಇಲ್ಲ. ವಾಹಕರಿಬ್ಬರು ಸತಿಪತಿಗಳಾದಾಗ ಪ್ರತಿಯೊಂದು ಗರ್ಭದಲ್ಲಿಯೂ ಶಿಶುವು ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ಪೂರ್ಣ ಮುಕ್ತವಾಗುವ ಸಂಭವ ನಾಲ್ಕರಲ್ಲಿ ಒಂದು. ಆದುದರಿಂದ ಈ ರೋಗದಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ. ಸೊಸೆಯ ತವರಿನತ್ತ ಬೆರಳು ತೋರುವ ಅತ್ತೆಗೂ ತನ್ನ ಮಗನ ಶರೀರದಲ್ಲಿ ಅದೇ ದೋಷದ ಸಮಪಾಲು ಇದೆಯೆಂಬುದು ತಿಳಿದಿರಬೇಕು. ಇಷ್ಟೇ ಅಲ್ಲ, ಇಂತಹ ಒಂದೆರಡಾದರೂ ಗುಪ್ತ ದೋಷಗಳನ್ನು ಹೊರದ ಮನುಷ್ಯನು ವಿರಳ. ಶುದ್ಧ ವಂಶವೆಂಬುದು ಯಾರ ಮನೆಯಲ್ಲಿಯೂ ಇಲ್ಲ.

'ಯಾರ ಕರ್ಮ' ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕರ್ಮಸಿದ್ಧಾಂತವನ್ನು ನಂಬುವ ನಾವು ಶರೀರದ ರಚನೆಗೆ ನಾಮಕರ್ಮವನ್ನೂ ವೇದನೆಗೆ ಅಸಾತಾ ವೇದನೀಯವನ್ನೂ ಕಾರಣವೆಂದು ಹೇಳುತ್ತೇವೆ. ವಂಶವಾಹಿಯ ದೋಷವನ್ನು ಇಲ್ಲಿ ನಿಮಿತ್ತವೆಂದು ತಿಳಿದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ವಿರೋಧವೇನೂ ಬಾರದು. ಎರಡೂ ಬೇರೆ ಬೇರೆ ನಯಗಳಿಂದ ಆಡಿದ ಮಾತುಗಳಾಗುತ್ತವೆ. ಆದರೆ ಈ ಸಿದ್ಧಾಂತದಿಂದ ತಾಯಿಯನ್ನು ದೂಷಿಸುವ ಅಧಿಕಾರ ಹುಟ್ಟುತ್ತದೆಯೇ? ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಭೋಗಿಸುತ್ತದೆ. ಒಬ್ಬರ ಕರ್ಮ ಇನ್ನೊಬ್ಬರಿಗೆ ಸಂಕ್ರಮಿಸುವುದಿಲ್ಲ. ಹಾಗಿರುವಾಗ ತಾಯಿ ಮಾಡಿದ ಪಾಪ ಮಗುವಿನ ಮೈಯಲ್ಲಿ ಕಾಣಿಸಿಕೊಂಡಿತೆಂಬ ಮಾತು ಜೈನ ಸಿದ್ಧಾಂತಕ್ಕೆ ವಿರುದ್ಧವಾದುದು. ಮಗುವಿನ ಜೀವವು ಹಿಂದಿನ ಭವದಲ್ಲಿ ಏನು ಮಾಡಿತೆಂದು ಬಲ್ಲ ಜ್ಞಾನವೂ ಈ ಕಾಲದ ಗೃಹಸ್ಥರಾದ ನಮಗಿಲ್ಲ. ನಮಗೆ ತಿಳಿಯಲು ಸಾಧ್ಯವಿರುವುದು ನಮ್ಮ ಈಗಿನ ನಡತೆ ಮಾತ್ರ. ಪರರಲ್ಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದೇ ಅಸಾತಾ ವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತಿಳಿಸುತ್ತದೆ. ರೋಗಿಯಾದ ಮಗುವನ್ನು ಎತ್ತಿಕೊಂಡು ಬಸದಿಗೆ ಬಂದ ತಾಯಿಗೆ 'ನಿನ್ನ ಕರ್ಮ' ಎಂದು ಹೇಳಿ ಅವಳ ಕಣ್ಣಲ್ಲಿ ನೀರು ತರಿಸಿದವನು ಆ ಕ್ಷಣದಲ್ಲಿ ಕಟ್ಟಿಕೊಳ್ಳುತ್ತಿರುವುದು ಯಾವ ಕರ್ಮವೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? 'ಈಗ ನಮ್ಮ ಕರ್ತವ್ಯವೇನು?' ಎಂಬುದು. ಈ ಕರ್ತವ್ಯ ಎರಡು ಬಗೆಯದು. ವಿವಾಹಕ್ಕೆ ಮುಂಚಿನದು ಮತ್ತು ಶಿಶು ಹುಟ್ಟಿದ ನಂತರದ್ದು.

ನಮ್ಮ ನಾಡಿನಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಬಹು ಹಳೆಯದು. 1955ರ ಹಿಂದೂ ವಿವಾಹ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಅದು ರೂಢಿಯಿರುವಲ್ಲಿ ಇಂತಹ ವಿವಾಹಗಳನ್ನು ಮಾನ್ಯಮಾಡಿದೆ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರಗಳನ್ನು ಸಂಗ್ರಹಿಸಿದಾಗ, ಎಲ್ಲ ಮತಗಳೂ ಸೇರಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ವಿವಾಹ ರಕ್ತಸಂಬಂಧದೊಳಗೆ ನಡೆದಿದ್ದಿತು. ರಕ್ತಸಂಬಂಧಿಗಳು ಒಂದೇ ಪೂರ್ವಿಕನಿಂದ ಒಂದೇ ಗುಪ್ತ ದೋಷವನ್ನು ಪಡೆದಿರುವ ಸಂಭವ ಹೆಚ್ಚು. ದೂರದ ಸಂಬಂಧವಾದರೂ ಸಣ್ಣ ಸಮಾಜದಲ್ಲಿ ಆತಂಕ ಪೂರ್ತಿಯಾಗಿ ಹೋಗುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ಪಂಗಡ, ಪ್ರಾಂತಗಳ ಭೇದವನ್ನು ನೋಡಿದರೆ ಹೆಣ್ಣು ಗಂಡು ಕೂಡಿಬರುವ ವೃತ್ತ ಇನ್ನೂ ಕಿರಿದು. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಸಗನೇ ಪ್ರದೇಶದಲ್ಲಿ ಕೆಲವೇ ಕುಟುಂಬಗಳಿಂದ ಬೆಳೆದ ಫ್ರೆಂಚ್ ಸಮಾಜವಿದೆ. ಜಗತ್ತಿನ ಇತರೆಡೆ ಲಕ್ಷಾಂತರ ಜನನಗಳಿಗೆ ಒಂದರಂತೆ ಕಾಣುವ ಐ-ಸೆಲ್ ರೋಗ ಅಲ್ಲಿ ಸುಮಾರು ಆರು ಸಾವಿರ ಜನನಗಳಿಗೆ ಒಂದರಂತೆ ಕಂಡಿತು. ಮೂವತ್ತೊಂಬತ್ತು ಜನರಲ್ಲಿ ಒಬ್ಬರು ವಾಹಕರೆಂದು ಗಣಿಸಲಾಯಿತು. ಕಿರಿದಾದ ಸಮಾಜದಲ್ಲಿ ಒಂದು ದೋಷ ಹೇಗೆ ಹರಡಬಹುದೆಂಬುದಕ್ಕೆ ಇದು ಎಚ್ಚರಿಕೆ.

ನ್ಯೂಯಾರ್ಕ್ ನಗರದ ಸಾಂಪ್ರದಾಯಿಕ ಯೆಹೂದ್ಯರ ನಿದರ್ಶನವೂ ನಮಗೆ ಉಪಯುಕ್ತ. ಅವರಲ್ಲಿ ಟೇ-ಸ್ಯಾಕ್ಸ್ ಎಂಬ ಮತ್ತೊಂದು ಲೈಸೊಸೋಮ್ ರೋಗ ಹೆಚ್ಚು. ಗರ್ಭಪಾತಕ್ಕೆ ಅವರ ಧರ್ಮದ ವಿರೋಧವಿದೆ. ಈ ರೋಗದಿಂದ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡ ಜೋಸೆಫ್ ಎಕ್‌ಸ್ಟೀನ್ ಎಂಬ ಧರ್ಮಗುರುಗಳು 1983ರಲ್ಲಿ 'ದೋರ್ ಯೆಶೋರಿಮ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತರುಣ ತರುಣಿಯರ ರಕ್ತಪರೀಕ್ಷೆ ಮಾಡಿ, ಹೆಸರಿನ ಬದಲು ಒಂದು ಸಂಖ್ಯೆಯನ್ನು ಕೊಡುತ್ತಾರೆ. ಸಂಬಂಧ ಕೂಡಿಸುವ ಮುನ್ನ ಎರಡು ಸಂಖ್ಯೆಗಳನ್ನು ತಿಳಿಸಿದರೆ, ಈ ಜೋಡಿ ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂದಷ್ಟೇ ಉತ್ತರ ಬರುತ್ತದೆ. ಯಾರ ಮನೆತನಕ್ಕೂ ಕಳಂಕವಿಲ್ಲ, ಯಾವ ಜೀವಕ್ಕೂ ಹಿಂಸೆಯಿಲ್ಲ. ನಮ್ಮ ಸಮಾಜದಲ್ಲಿ ಯಾವ ದೋಷ ಹೆಚ್ಚೆಂಬುದರ ಸ್ಪಷ್ಟ ಚಿತ್ರವಿಲ್ಲದೆ ಎಲ್ಲರಿಗೂ ಇದನ್ನು ಅನ್ವಯಿಸುವುದು ಸುಲಭವಲ್ಲ. ಆದರೆ ಒಂದು ಕುಟುಂಬದಲ್ಲಿ ರೋಗಿಯಾದ ಮಗುವಿದ್ದಲ್ಲಿ, ಮೊದಲು ಆ ಮಗುವಿನಲ್ಲಿ ದೋಷವನ್ನು ನಿಖರವಾಗಿ ಗುರುತಿಸಿ, ಬಳಿಕ ವಿವಾಹಯೋಗ್ಯರಾದ ಬಂಧುಗಳು ಪರೀಕ್ಷೆ ಮಾಡಿಸಿಕೊಳ್ಳುವುದು ಇಂದು ಸಾಧ್ಯವಿದೆ.

ಇಲ್ಲಿಯೇ ನಮ್ಮ ಸತ್ಯಾಣುವ್ರತದ ಪರೀಕ್ಷೆ. ಮನೆಯಲ್ಲಿ ಇಂತಹ ಮಗು ಇದ್ದುದನ್ನು ಮುಚ್ಚಿಟ್ಟು ಅದರ ಅಣ್ಣನಿಗೆ ಹೆಣ್ಣು ತರುವುದು, ಅಕ್ಕನನ್ನು ಧಾರೆಯೆರೆದು ಕೊಡುವುದು ಎಲ್ಲ ಸಮಾಜಗಳಲ್ಲಿಯೂ ಉಂಟು. ಪರರ ದೋಷಗಳನ್ನು ಪ್ರಕಟಿಸದಿರುವುದು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದಾದ ಉಪಗೂಹನವಲ್ಲವೇ ಎಂದು ಕೆಲವರು ಕೇಳಬಹುದು. ಸತ್ಯವಾದರೂ ಇನ್ನೊಬ್ಬರಿಗೆ ಆಪತ್ತು ತರುವ ಮಾತನ್ನು ಶ್ರಾವಕನು ಆಡಬಾರದೆಂಬ ನಿಯಮವನ್ನೂ ಮುಂದಿಡಬಹುದು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉಪಗೂಹನವು ಪರರ ವಿಷಯದಲ್ಲಿ ನಾವು ತೋರುವ ದಯೆ. ಸ್ವಂತ ಲಾಭಕ್ಕಾಗಿ ಸ್ವಂತ ಮನೆಯ ಸಂಗತಿಯನ್ನು ಮರೆಮಾಚುವುದು ಆ ಹೆಸರಿಗೆ ಅರ್ಹವಲ್ಲ. ಆಪತ್ತಿನ ಮಾತಿಗೆ ಬಂದರೆ, ಈ ವಿಷಯದಲ್ಲಿ ಆಪತ್ತು ಬರುವುದು ನುಡಿಯಿಂದಲ್ಲ, ಮೌನದಿಂದ. ಸಂಬಂಧಪಟ್ಟ ವಧೂವರರಿಗೆ ಹೇಳುವುದು ಸತ್ಯ. ಊರಿನ ಜಗಲಿಯಲ್ಲಿ ಸಾರುವುದು ಅಸೂಯೆ. ತಿಳಿಯಬೇಕಾದವರಿಗೆ ತಿಳಿಸಿ ಉಳಿದವರಲ್ಲಿ ಮೌನವಾಗಿರುವ ಸಂಯಮವನ್ನು ಕುಟುಂಬಗಳೂ ಮಧ್ಯಸ್ಥರೂ ಕಲಿಯಬೇಕು.

ಗರ್ಭಸ್ಥ ಶಿಶುವಿನ ಪರೀಕ್ಷೆಯ ಪ್ರಶ್ನೆ ಇದಕ್ಕಿಂತಲೂ ಕಠಿಣ. ಕುಟುಂಬದ ದೋಷ ಮೊದಲೇ ತಿಳಿದಿದ್ದರೆ ಗರ್ಭದ ಹನ್ನೊಂದನೆಯ ವಾರದ ಸುಮಾರಿಗೆ ಶಿಶುವು ರೋಗಿಯೇ ಎಂಬುದನ್ನು ಹೇಳಬಹುದು. 1994ರ ಕಾಯ್ದೆ ಲಿಂಗಪತ್ತೆಯನ್ನು ಅಪರಾಧವೆಂದು ನಿಷೇಧಿಸಿ, ವಂಶವಾಹಿ ರೋಗಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶವಿತ್ತಿದೆ. ಭ್ರೂಣದಲ್ಲಿ ಗಂಭೀರ ದೋಷವಿದ್ದಲ್ಲಿ ಗರ್ಭಪಾತಕ್ಕೆ ಕಾನೂನಿನ ಸಮ್ಮತಿಯಿದೆ. ಕಾನೂನು ಒಪ್ಪಿದ್ದೆಲ್ಲವೂ ಅಹಿಂಸಾಣುವ್ರತಕ್ಕೆ ಸಮ್ಮತವಾಗದು. ಬೇಕೆಂದು ಮಾಡುವ ಜೀವಘಾತ ಸಂಕಲ್ಪೀ ಹಿಂಸೆ. ಗರ್ಭದಲ್ಲಿರುವುದು ಪಂಚೇಂದ್ರಿಯ ಜೀವವೆಂಬುದನ್ನು ನಾವು ಮರೆಯಲಾರೆವು. ಪ್ರನಾಳದಲ್ಲಿ ಭ್ರೂಣಗಳನ್ನು ಬೆಳೆಸಿ ಆಯ್ದುಕೊಳ್ಳುವ ವಿಧಾನದಲ್ಲಿಯೂ ಬಿಟ್ಟುಹೋದ ಭ್ರೂಣಗಳ ಪ್ರಶ್ನೆ ಉಳಿಯುತ್ತದೆ. ಒಂದು ಮಗುವಿನ ನರಳಿಕೆಯನ್ನು ಹಗಲಿರುಳು ಕಂಡ ತಾಯಿ ಮತ್ತೊಂದು ಮಗುವಿಗೆ ಅದೇ ನರಳಿಕೆ ಬಾರದಿರಲೆಂದು ಬಯಸುವುದರಲ್ಲಿ ಕರುಣೆಯಿದೆಯೆಂಬುದೂ ಅಷ್ಟೇ ನಿಜ. ಈ ಸಂಕಟಕ್ಕೆ ಸಿದ್ಧವಾದ ಉತ್ತರವಿದೆಯೆಂದು ಹೇಳುವುದು ಪ್ರಾಮಾಣಿಕತೆಯಾಗದು. ಆದರೆ ಎರಡು ಮಾತುಗಳನ್ನು ನಿಸ್ಸಂದೇಹವಾಗಿ ಹೇಳಬಹುದು. ವಿವಾಹಕ್ಕೆ ಮುಂಚೆ, ಗರ್ಭಧಾರಣೆಗೆ ಮುಂಚೆ ದೊರೆತ ತಿಳಿವಳಿಕೆಯು ದಂಪತಿಗಳನ್ನು ಈ ಸಂಕಟಕ್ಕೆ ಸಿಲುಕದಂತೆ ಕಾಪಾಡುತ್ತದೆ. ಆದ್ದರಿಂದ ಅಹಿಂಸೆಯಲ್ಲಿ ಶ್ರದ್ಧೆಯುಳ್ಳವರೇ ಇಂತಹ ಪರೀಕ್ಷೆಗೆ ಎಲ್ಲರಿಗಿಂತ ಮೊದಲು ಮುಂದಾಗಬೇಕು. ಎರಡನೆಯದಾಗಿ, ರೋಗಿಯಾದ ಮಗುವನ್ನು ಹೊತ್ತ ಮನೆಯ ಬಾಗಿಲಿಗೆ ಒಮ್ಮೆಯೂ ಹೋಗದ ಸಮಾಜಕ್ಕೆ ಆ ಮನೆಯವರ ನಿರ್ಧಾರವನ್ನು ಖಂಡಿಸುವ ಯೋಗ್ಯತೆಯಿಲ್ಲ.

ಶಿಶು ಹುಟ್ಟಿದ ಬಳಿಕ ನಮ್ಮ ಕರ್ತವ್ಯ ಆರಂಭವಾಗುತ್ತದೆ. ರೋಗಿಯ ಶರೀರವನ್ನು ಕಂಡು ಹೇಸದಿರುವ ನಿರ್ವಿಚಿಕಿತ್ಸೆಯೂ ಸಮ್ಯಗ್ದರ್ಶನದ ಅಂಗ. ವ್ಯಾಧಿಪೀಡಿತ ಮುನಿಯ ವೇಷದಲ್ಲಿ ಬಂದವನನ್ನು ಅಸಹ್ಯಪಡದೆ ಉಪಚರಿಸಿದ ಉದ್ದಾಯನ ರಾಜನ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮುಖ ವಿಕಾರವಾದ, ಬೆರಳು ಮಡಿಸಲಾಗದ ಮಗುವನ್ನು ಪೂಜೆಯ ದಿನ ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳುವುದು ಆ ಕಥೆಯ ಆಚರಣೆ.

ಬಸದಿಗಳ ಆಡಳಿತ ಮಂಡಳಿಗಳೂ ಧರ್ಮದರ್ಶಿಗಳೂ ಮಾಡಬಹುದಾದ ಕಾರ್ಯವನ್ನು ನಮ್ಮ ಪೂರ್ವಿಕರು ನಾಲ್ಕು ದಾನಗಳಲ್ಲಿಯೇ ಸೂಚಿಸಿದ್ದಾರೆ. ಆಹಾರದಾನವೆಂದರೆ ಅಂತಹ ಮನೆಯ ನಿತ್ಯದ ಭಾರವನ್ನು ಹಂಚಿಕೊಳ್ಳುವುದು. ನುಂಗಲು ಕಷ್ಟಪಡುವ ಮಗುವಿಗೆ ತುತ್ತುಣಿಸುವ ತಾಯಿಗೆ ಒಂದು ಹೊತ್ತಿನ ಬಿಡುವು ದೊರೆತರೂ ಅದು ದಾನವೇ. ಔಷಧದಾನಕ್ಕೆ ಇಲ್ಲಿ ರೋಗ ಗುಣಪಡಿಸುವ ಔಷಧವಿಲ್ಲ. ಆದರೆ ಕೀಲುಗಳ ವ್ಯಾಯಾಮ ಚಿಕಿತ್ಸೆ, ಶ್ವಾಸಕೋಶದ ಸೋಂಕಿನ ಉಪಚಾರ, ಆಸ್ಪತ್ರೆಗೆ ಹೋಗಿಬರುವ ವೆಚ್ಚ ಇವೆಲ್ಲವೂ ಉಂಟು. ವಿರಳ ರೋಗಗಳಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ ನೀತಿಯೊಂದನ್ನು ರೂಪಿಸಿ, 2022ರಲ್ಲಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವನ್ನು ವಿಸ್ತರಿಸಿತು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಆ ನೀತಿಯಡಿ ಗುರುತಿಸಲ್ಪಟ್ಟಿವೆ. ದಂಡಿನಶಿವರದ ಕಡೆಯವರು ಅಮ್ಮಸಂದ್ರದಲ್ಲೋ ಬಾಣಸಂದ್ರದಲ್ಲೋ ರೈಲು ಹತ್ತಿ ಅಲ್ಲಿಗೆ ಹೋಗಬಹುದು. ಆದರೆ ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಯಾವ ಕಾಗದಪತ್ರ ಬೇಕು ಎಂಬುದು ಹಳ್ಳಿಯ ತಂದೆತಾಯಿಗೆ ತಿಳಿಯದು. ಅದನ್ನು ತಿಳಿಸುವುದು ಶಾಸ್ತ್ರದಾನ. ನಿಟ್ಟೂರಿನ ಬಸದಿಯಲ್ಲಿಯೋ ತುಮಕೂರಿನ ಮಂದರಗಿರಿಯಲ್ಲಿಯೋ ಶ್ರಾವಕರು ಕೂಡುವ ದಿನಗಳಲ್ಲಿ ತಳಿವಿಜ್ಞಾನ ಬಲ್ಲ ವೈದ್ಯರೊಬ್ಬರನ್ನು ಕರೆಸಿ, ವಿವಾಹಯೋಗ್ಯ ತರುಣ ತರುಣಿಯರಿಗೆ ತಿಳಿವಳಿಕೆ ಕೊಡಿಸುವುದು ದೊಡ್ಡ ವೆಚ್ಚದ ಕೆಲಸವೇನಲ್ಲ.

ನಾಲ್ಕನೆಯದಾದ ಅಭಯದಾನಕ್ಕೆ ಹಣವೇ ಬೇಡ. ರೋಗಿಯಾದ ಮಗುವಿನ ತಾಯಿಯ ಭಯ ರೋಗದ್ದಷ್ಟೇ ಅಲ್ಲ. ಜನರ ಮಾತಿನದು, ಉಳಿದ ಮಕ್ಕಳ ಮದುವೆಯದು, ತಾನು ಹೋದ ಮೇಲೆ ಈ ಮಗುವನ್ನು ಯಾರು ನೋಡುವರೆಂಬುದು. ಈ ಭಯವನ್ನು ಸೃಷ್ಟಿಸಿದವರು ನಾವು, ನಿವಾರಿಸಬಲ್ಲವರೂ ನಾವೇ. ಪ್ರತಿಯೊಂದು ಬಸದಿಯ ಮಂಡಳಿಯೂ ತನ್ನ ವ್ಯಾಪ್ತಿಯಲ್ಲಿ ಇಂತಹ ಮನೆಗಳು ಎಷ್ಟಿವೆಯೆಂದು ಗುಟ್ಟಾಗಿ ವಿಚಾರಿಸಿ, ಇಬ್ಬರು ಹಿರಿಯ ಶ್ರಾವಿಕೆಯರನ್ನು ತಿಂಗಳಿಗೊಮ್ಮೆ ಅಲ್ಲಿಗೆ ಕಳುಹಿಸುವ ಏರ್ಪಾಡನ್ನು ಈ ವರ್ಷವೇ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಅವರು ಹೋಗಿ ಯಾರ ಕರ್ಮವೆಂದು ಕೇಳದೆ, ಯಾರ ಕಡೆಯಿಂದ ಬಂದುದೆಂದು ಕೇಳದೆ, ಮಗುವನ್ನು ಸ್ವಲ್ಪ ಹೊತ್ತು ತಮ್ಮ ಮಡಿಲಿಗೆ ತೆಗೆದುಕೊಂಡರೆ ಅದೇ ಸಾಕಾದಷ್ಟು ಧರ್ಮ.